ಸ್ಟೀಲ್ ಲೋಟಗಳ ಸಾಕ್ಷಿ

ವಾಡಿಯ ಸಂಘಮಿತ್ರಾ ವಾರದ ಆರು ದಿನ ಚಿತ್ತಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಶನಿವಾರ ಬೆಳಗಿನ ಶಾಲೆ ಮುಗಿಸಿ, ರೈಲು ಹಿಡಿದು ಮನೆಗೆ ಬಂದು, ಊಟವಾದ ಮೇಲೆ ವಿಡಿಯೋ ಗೇಮುಗಳ ಜನ್ಮ ಜಾಲಾಡುತ್ತಿದ್ದಳು. ಹೊಸ ಆಟ ಬಿಡುಗಡೆಯಾದರೆ ಸಾಕು, ಅದನ್ನು ಆಡಿ ನೋಡಿ ತನ್ನ ಯೂಟ್ಯೂಬ್ ಚಾನಲ್ಲಿನಲ್ಲಿ ತೀರ್ಪು ಕೊಡುವಳು. ಚಾನಲ್ಲಿನ ಹೆಸರು ‘ಬಡಿದು ನೋಡು’.

ಉಳಿದ ವಿಮರ್ಶಕರು ನಕ್ಷತ್ರ ಕೊಡುತ್ತಾರೆ, ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ. ವಾರವೆಲ್ಲ ಅಂಕ ಕೊಟ್ಟು ಬೇಸತ್ತ ಗಣಿತದ ಟೀಚರಿಗೆ ಅದು ಬೇಡವಾಗಿತ್ತು. ಅವಳ ಅಪ್ಪ ಭಗವಂತ ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಚಪ್ಪಡಿ ಆರಿಸಿದವನು. ಸಣ್ಣ ಸುತ್ತಿಗೆಯಿಂದ ಕಲ್ಲನ್ನು ಬಡಿದು, ಸದ್ದು ಕೇಳಿಯೇ ಅದರ ಹೊಟ್ಟೆಯೊಳಗಿನದನ್ನು ಹೇಳುವವನು. ‘ಖಣ್’ ಎಂದರೆ ಮೊದಲ ದರ್ಜೆ. ‘ಠಕ್’ ಎಂದರೆ ನಡೆಯುತ್ತದೆ. ‘ಧಪ್’ ಎಂದರೆ ಒಳಗೆ ಬಿರುಕು, ಆಚೆ ಎಸೆ. ಮಗಳು ಈ ಮೂರು ಸದ್ದುಗಳನ್ನೇ ಎತ್ತಿಕೊಂಡು ಆಟಗಳನ್ನು ಬಡಿಯತೊಡಗಿದಳು.

ಅವಳ ತೀರ್ಪುಗಳಲ್ಲಿ ಖಾರ ಸ್ವಲ್ಪ ಮುಂದು. ಬೇಸಾಯದ ಆಟವೊಂದು ಬಂದಿತ್ತು. ಬಿತ್ತಿದ ಮೂರನೇ ನಿಮಿಷಕ್ಕೆ ಫಸಲು, ನಾಲ್ಕನೇ ನಿಮಿಷಕ್ಕೆ ಸಂತೆ. “ಕೈ ಕೆಸರಾದ್ರ ಬಾಯಿ ಮೊಸರು ಅಂತಾರ. ಇಲ್ಲಿ ಕೈ ತೊಳಕೊಂಡು ಕುಂತಾರ, ಬರೇ ಮೊಸರೇ ಮೊಸರು! ಇದನ್ನ ಮಾಡಿದವ್ರನ್ನ ತೆಂಗಳಿ ಊರಾಗಿನ ನಮ್ಮ ಕಾಕಾನ ತೊಗರಿ ಹೊಲಕ್ಕ ಒಂದು ದಿನ ಕಳೆ ತೆಗೀಲಿಕ್ಕೆ ಕಳಸ್ರಿ. ಧಪ್.” ಇನ್ನೊಂದು ಪತ್ತೇದಾರಿ ಆಟ. “ಈ ಪತ್ತೇದಾರ ನಡಿಯೋದು ನೋಡಿದ್ರ, ಇಂವ ಮುಟ್ಟೋದ್ರೊಳಗ ಕಳ್ಳ ಲಗ್ನ ಆಗಿ, ಮಕ್ಕಳನ್ನ ಸಾಲಿಗಿ ಹಚ್ಚಿರ್ತಾನ. ಆದ್ರೂ ಕಥಿ ಛಲೋ ಅದ. ಠಕ್.”

ಖಣ್ ಎನ್ನುವುದು ಅಪರೂಪ. ಆರು ವರ್ಷಗಳಲ್ಲಿ ಒಂಬತ್ತೇ ಸಲ. ಕೊಟ್ಟ ತೀರ್ಪನ್ನು ಒಮ್ಮೆಯೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ, ಅದೇ ಅವಳ ದೊಡ್ಡ ಜಂಬ. “ಮೇಡಂ ಖಣ್ ಅಂದ್ರ ಖಣ್” ಎಂಬ ಮಾತು ಸೇಡಂನಿಂದ ಶಹಾಬಾದಿನವರೆಗೆ ಆಟದ ಹುಚ್ಚಿನವರ ಬಾಯಲ್ಲಿ ಓಡಾಡುತ್ತಿತ್ತು.

ಆ ಒಂಬತ್ತನೆಯದು ‘ಮಹಾಕಾಯ’. ಹೈದರಾಬಾದಿನ ತಂಡವೊಂದು ಮಾಡಿದ್ದು. ಸಾವಿರ ವರ್ಷದ ನಿದ್ದೆಯಿಂದೆದ್ದ ಕಲ್ಲಿನ ದೈತ್ಯ ಒಂದಾದ ಮೇಲೊಂದು ಊರಿನತ್ತ ನಡೆದು ಬರುತ್ತಾನೆ; ಆಡುವವರು ಅವನನ್ನು ಉಪಾಯದಿಂದ ಮತ್ತೆ ಮಲಗಿಸಬೇಕು. ಒಂದು ಶನಿವಾರ ಮಧ್ಯಾಹ್ನ ಸಂಘಮಿತ್ರಾ ಪರ್ಸಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಆಟ ಶುರುಮಾಡಿದಳು. ದೈತ್ಯ ಬೆಟ್ಟದ ಹಿಂದಿನಿಂದ ಎದ್ದ. ಮೊದಲ ಹೆಜ್ಜೆ ಇಟ್ಟ. ಕೂತ ನೆಲ ನಡುಗಿತು, ಶೆಲ್ಫಿನ ಮೇಲಿನ ಸ್ಟೀಲ್ ಲೋಟಗಳು ಗಿಲಿಗಿಲಿ ಕುಣಿದವು. ಅವಳ ಮೈ ಜುಮ್ಮೆಂದಿತು. ಅಂದೇ ವಿಡಿಯೋ ಮಾಡಿದಳು.

“ಕೈಯಾಗಿನ ಕಂಟ್ರೋಲರ್ ಗುಂಯ್ ಅನ್ನೋದು ಹಳೀ ಮಾತಾಯ್ತು. ದೈತ್ಯ ನಡದದ್ದು ಟೀವ್ಯಾಗ, ನಡುಗಿದ್ದು ನಮ್ಮ ಮನಿ ನೆಲ! ನನ್ನ ಮಾತು ನಂಬಬ್ಯಾಡ್ರಿ, ನಮ್ಮವ್ವನ ಸ್ಟೀಲ್ ಲೋಟ ಸಾಕ್ಷಿ ಅದಾವ. ಖಣ್!”

ಮೂರು ಲಕ್ಷ ಮಂದಿ ಆ ವಿಡಿಯೋ ನೋಡಿದರು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಹೈದರಾಬಾದಿನವರು ಆಟದ ಪುಟದಲ್ಲಿ ಇಂಗ್ಲಿಷ್, ತೆಲುಗು ಹೊಗಳಿಕೆಗಳ ನಡುವೆ ಒಂದು ಸಾಲು ಕನ್ನಡವನ್ನೂ ಹಾಕಿದರು: ‘ನಡುಗಿದ್ದು ನಮ್ಮ ಮನಿ ನೆಲ. — ಸಂಘಮಿತ್ರಾ, ವಾಡಿ.’ ಆ ಸಾಲನ್ನು ಅವಳು ಸ್ಟಾಫ್ ರೂಮಿನಲ್ಲಿ ತೋರಿಸಿದಳು, ಹೆಡ್ ಮಾಸ್ತರಿಗೆ ತೋರಿಸಿದಳು, ರೈಲಿನಲ್ಲಿ ಪಕ್ಕ ಕೂತ ಹೂವಿನ ಯಂಕಮ್ಮನಿಗೂ ತೋರಿಸಿದಳು. ಯಂಕಮ್ಮ ಹೂವು ಕಟ್ಟುತ್ತಲೇ “ನೆಲ ಯಾಕ ನಡುಗಿತವ್ವ, ಪಾಯಾ ಸರಿ ಹಾಕಿಲ್ಲೇನು?” ಎಂದು ಕೇಳಿದಳು. ಸಂಘಮಿತ್ರಾಳ ಸಂತೋಷಕ್ಕೆ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಒಂದು ವಾರ ಕಳೆಯುವಷ್ಟರಲ್ಲಿ ಚಿಂಚೋಳಿಯಿಂದ ಒಂದು ಕಾಮೆಂಟ್ ಬಂತು. ಬರೆದವಳು ಫರಹತ, ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ನಡೆಸುವ ಹುಡುಗಿ. “ಮೇಡಂ, ಮೂರು ದಿನ ಆಡೀನಿ. ಆರು ಲೋಟ ಇಟ್ಟೀನಿ. ಒಂದೂ ಅಲುಗಾಡಿಲ್ಲ. ಲೋಟ ಯಾಕ ಒಯ್ದಿ ಅಂತ ಅಮ್ಮಿ ಬೈಲಾಕತ್ತಾಳ.”

“ಕುಣಿಯಲಾರದಕಿ ನೆಲ ಡೊಂಕು ಅಂದಳಂತ. ಛಲೋ ಸ್ಪೀಕರ್ ಹಚ್ರಿ” ಎಂದು ಸಂಘಮಿತ್ರಾ ಉತ್ತರಿಸಿದಳು.

“ಶಾದಿಯೊಳಗ ಹಚ್ಚೋ ಸ್ಪೀಕರ್ ತಂದು ಹಚ್ಚೀನ್ರಿ. ಓಣಿ ಮಂದಿ ಎಲ್ಲಾ ಜಗಳಕ್ಕ ಎದ್ದು ಬಂದ್ರು. ಲೋಟ ಮಾತ್ರ ಏಳಲಿಲ್ಲ.”

ಇದಕ್ಕೆ ನಕ್ಕವರು ಎಂಟುನೂರು ಮಂದಿ. ಸೇಡಂನಿಂದ ಒಬ್ಬ, ಬೀದರಿನಿಂದ ಇಬ್ಬರು ‘ನಮ್ಮಲ್ಲೂ ನಡುಗಿಲ್ಲ’ ಎಂದರು. ಇನ್ನೊಬ್ಬ ‘ಹೈದರಾಬಾದಿನವ್ರು ಏನು ಕೊಟ್ಟಾರ ಮೇಡಂ?’ ಎಂದು ಕೇಳಿಬಿಟ್ಟ. ಸಂಘಮಿತ್ರಾಳಿಗೆ ಅನ್ನ ಸೇರದಾಯಿತು. ತಪ್ಪು ತೀರ್ಪು ಕೊಟ್ಟಳು ಎನ್ನಲಿ, ಮಾರಿಕೊಂಡಳು ಎನ್ನುವುದೇ? ಅವಳು ಫರಹತಳಿಗೆ ನೇರವಾಗಿ ಬರೆದಳು: “ಬರೋ ಶನಿವಾರ ವಾಡಿಗೆ ನಮ್ಮ ಮನಿಗಿ ಬರ್ರಿ. ನಿಮ್ಮ ಲೋಟ ನೀವೇ ತರ್ರಿ.”

ಫರಹತ ಬಂದಳು. ಸೇಡಂನಲ್ಲಿ ಒಂದು ಬಸ್ಸು, ಚಿತ್ತಾಪುರದಲ್ಲಿ ಇನ್ನೊಂದು ಬಸ್ಸು ಬದಲಿಸಿ, ಟವೆಲ್ಲಿನಲ್ಲಿ ಸುತ್ತಿದ ಲೋಟದೊಂದಿಗೆ ಬಂದಳು. ಅದರ ಮೇಲೆ ಅವಳ ಅಬ್ಬಾ ಅಬ್ದುಲ್ ಕರೀಮನ ಹೆಸರು ಕೆತ್ತಿತ್ತು. ಬೇರೆಯವರ ಲೋಟಗಳಲ್ಲಿ ಕಲೆತು ಹೋಗಬಾರದಲ್ಲ. ಸಂಘಮಿತ್ರಾ ಅದನ್ನು ಗಂಭೀರವಾಗಿ ಶೆಲ್ಫಿನ ಸಾಲಿನಲ್ಲಿಟ್ಟಳು. ಇಬ್ಬರೂ ಆಟಕ್ಕೆ ಕೂರುವಷ್ಟರಲ್ಲಿ ಅವ್ವ ರಮಾಬಾಯಿ ಚುರುಮುರಿ ಸುಸಲಾ, ಮಿರ್ಚಿ ಭಜಿ ತಂದಿಟ್ಟಳು.

“ಮೊದಲ ತಿನ್ರಿ. ಆ ರಾಕ್ಷಸ ಎಲ್ಲಿ ಓಡಿ ಹೋಗ್ತಾನ.”

ತಿಂದರು. ಎರಡನೇ ಸಲ ಬಡಿಸಿದಳು, ಅದನ್ನೂ ತಿಂದರು. ಚಹಾ ಬಂತು. ಕೊನೆಗೆ ಒಂದೂ ಕಾಲರ ಹೊತ್ತಿಗೆ ಫರಹತ ಕಂಟ್ರೋಲರ್ ಹಿಡಿದಳು. ಆಟ ಶುರುವಾಗುವ ಮೊದಲು ಆಡುವವರ ಹೆಸರು ಕೇಳಿತು. ಗುಂಡಿ ಒತ್ತಿ ಒಂದೊಂದೇ ಅಕ್ಷರ ಆರಿಸಬೇಕು. ಎಫ್ ಆರಿಸಿದಳು, ಎ ಆರಿಸಿದಳು. ಆರ್ ಆರಿಸುವಾಗ ಯಾಕೋ ತಲೆಯೆತ್ತಿ ಕಿಟಕಿಯ ಕಡೆ ನೋಡಿದಳು. ಉಳಿದವರು ಯಾರೂ ನೋಡಲಿಲ್ಲ.

ನೆಲ ಗುಡುಗುಟ್ಟಿತು. ಲೋಟಗಳೆಲ್ಲ ಕುಣಿದವು, ಅಬ್ದುಲ್ ಕರೀಮನ ಲೋಟವೂ ಕುಣಿಯಿತು. ರಮಾಬಾಯಿ ಪಕ್ಕದ ಮನೆಯವರ ಸೊಸೆಯ ಸುದ್ದಿ ಹೇಳುತ್ತಲೇ ಎಡಗೈ ಚಾಚಿ ಲೋಟಗಳ ಮೇಲೆ ಅಂಗೈ ಇಟ್ಟಳು. ಭಗವಂತ ನೆಲದ ಮೇಲಿದ್ದ ಚಹಾದ ಬಸಿಯನ್ನು ಒಂದು ಬೆರಳಿನಷ್ಟು ಎತ್ತಿ ಹಿಡಿದು, ಮತ್ತೆ ಕೆಳಗಿಟ್ಟ. ಸಂಘಮಿತ್ರಾ ಜಿಗಿದೆದ್ದಳು.

“ನೋಡಿದ್ರಿ? ನೋಡಿದ್ರಿಲ್ಲ? ಏನಂದಿದ್ದೆ ನಾ!”

ನೋಡಬೇಕಾದವಳು ಅಲ್ಲಿರಲಿಲ್ಲ. ಅಂಗಳದಿಂದ ಕೂಗು ಕೇಳಿತು. “ಭೂಕಂಪ ಆಗ್ಲಾಕತ್ತದ! ಹೊರಗ ಬರ್ರಿ ಎಲ್ಲಾರೂ!”

“ಅಂಜಬ್ಯಾಡ್ರಿ, ಒಳಗ ಬರ್ರಿ,” ಸಂಘಮಿತ್ರಾ ಹೊಟ್ಟೆ ಹಿಡಿದು ನಕ್ಕಳು. “ಅದು ಮಹಾಕಾಯ.”

ಫರಹತ ಬಾಗಿಲಲ್ಲೇ ನಿಂತು ಟೀವಿಯ ಕಡೆ ಕೈ ಮಾಡಿದಳು. “ಎಲ್ಲಿ ಮಹಾಕಾಯ ಅಕ್ಕಾ? ಇನ್ನೂ ನನ್ನ ಹೆಸರೇ ಪೂರಾ ಬರ್ದಿಲ್ಲ.”

ಎಲ್ಲರೂ ಟೀವಿ ನೋಡಿದರು. ಎಫ್, ಎ, ಆರ್ ಎಂಬ ಮೂರು ಅಕ್ಷರ ಕೂತಿದ್ದವು. ಮುಂದಿನದಕ್ಕಾಗಿ ಗೆರೆಯೊಂದು ಮಿಟುಕುತ್ತಿತ್ತು. ದೈತ್ಯನ ಸುಳಿವೇ ಇರಲಿಲ್ಲ.

“ಆಗಲೇ ಸೈರನ್ ಹೊಡೀತಲ್ರಿ, ಕೇಳಲಿಲ್ಲೇನು?” ಎಂದಳು ಫರಹತ, ಈಗ ನೆನಪಾಗಿ. “ಗಣ್ಯಾಗ ಬ್ಲಾಸ್ಟಿಂಗ್ ಮಾಡಿರಬೇಕು.”

ಊರಾಚೆಯ ಗಣಿಯಲ್ಲಿ ಮಧ್ಯಾಹ್ನ ಕಲ್ಲು ಸಿಡಿಸುತ್ತಾರೆ ಎಂಬುದು ವಾಡಿಯಲ್ಲಿ ಕೂಸಿಗೂ ಗೊತ್ತು. ಆದರೆ ಗೊತ್ತಿರುವುದು ಬೇರೆ, ಕೇಳಿಸುವುದು ಬೇರೆ. ಹುಟ್ಟಿದ ದಿನದಿಂದ ಕೇಳಿದ ಸದ್ದು ಕಿವಿಯವರೆಗೆ ಬಂದು ಸುಮ್ಮನೆ ಮರಳಿ ಹೋಗುತ್ತದೆ. ರಮಾಬಾಯಿ ಲೋಟಗಳ ಮೇಲಿದ್ದ ತನ್ನ ಕೈಯನ್ನೇ ನೋಡಿ ಕೇಳಿದಳು. “ನಾ ಇಲ್ಲಿ ಕೈ ಯಾವಾಗ ಇಟ್ಟೆ?”

ಸಂಘಮಿತ್ರಾ ಇಂಗು ತಿಂದ ಮಂಗನಂತೆ ಕೂತಿದ್ದಳು. ಆಮೇಲೆ ಏನೋ ಹೊಳೆದು ಎದ್ದು ಹೋಗಿ, ತೀರ್ಪು ಬರೆದಿಡುವ ನೋಟ್‌ಬುಕ್ ತಂದಳು. ಒಂಬತ್ತು ಖಣ್. ಅವುಗಳಲ್ಲಿ ಎಂಟು, ಶನಿವಾರ ಮಧ್ಯಾಹ್ನದವು. ಗಣಿಗೆ ರಜೆಯಿರುವ ಭಾನುವಾರ ಆಡಿದ ಆಟಗಳ ಹಣೆಬರಹದಲ್ಲಿ ಬರೀ ಧಪ್. ಲೆಕ್ಕದ ಟೀಚರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕೇ? ಆರು ವರ್ಷ ತೀರ್ಪು ಕೊಟ್ಟದ್ದು ತಾನೋ, ಗಣಿಯೋ ಎಂದುಕೊಂಡಾಗ ಅವಳಿಗೆ ಭೂಮಿ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು.

ಫರಹತ ಒಳ್ಳೆಯ ಹುಡುಗಿ. ಹತ್ತಿರ ಬಂದು ಮೆಲ್ಲಗೆ ಹೇಳಿದಳು. “ಅಕ್ಕಾ, ಲೋಟ ಕುಣದದ್ದಂತೂ ಖರೇ ಅದ. ಕುಣದವು ಅಂತ ಅಷ್ಟೇ ಬರೀತೀನಿ. ಉಳದದ್ದು ಯಾರಿಗೂ ಹೇಳಂಗಿಲ್ಲ.”

ಹಾವೂ ಸಾಯದ, ಕೋಲೂ ಮುರಿಯದ ದಾರಿ ಕಾಲಡಿಗೇ ಬಂದಿತ್ತು. ಆ ಕನ್ನಡದ ಸಾಲು ಉಳಿಯುತ್ತದೆ, ಹೆಸರು ಉಳಿಯುತ್ತದೆ. ‘ಹೂಂ’ ಎನ್ನಲು ಅವಳಿಗೆ ಭಾಳ ಆಸೆಯಾಯಿತು, ಸುಳ್ಳೇಕೆ. ಅವಳು ಅಪ್ಪನ ಮುಖ ನೋಡಿದಳು.

“ಕಲ್ಲು ನೆಲದ ಮ್ಯಾಲ ಮಲಗಿಸಿ ಬಡೀಬಾರದವ್ವ,” ಎಂದ ಭಗವಂತ. “ಎತ್ತಿ ನಿಂದರಸಿ ಬಡೀಬೇಕು. ಇಲ್ಲಂದ್ರ ನೆಲ ಮಾತಾಡ್ತದ, ಕಲ್ಲಲ್ಲ.”

“ನೀ ಎಂದಾದ್ರೂ ತಪ್ಪು ಹೇಳಿದ್ದಿ ಏನಪ್ಪಾ?”

“ಹೇಳಿದ್ದೆ. ಒಂದು ಲಾರಿ ಧಪ್ ಕಲ್ಲಿಗಿ ಖಣ್ ಅಂದು ಕಳಸಿದ್ದೆ. ನಾನೇ ಹಿಂದ ಹೋಗಿ ವಾಪಸ್ ತರಸಿದೆ.”

“ಮಂದಿ ನಗಲಿಲ್ಲೇನು?”

“ನಕ್ರು. ಮಧ್ಯಾಹ್ನ ಉಂಡು ಮರತ್ರು. ತರಸದೇ ಇದ್ರ ನಾ ಮರೀತಿದ್ದಿಲ್ಲ.”

ಮರುದಿನ ಭಾನುವಾರ ಸಂಘಮಿತ್ರಾ ಚಿಂಚೋಳಿಗೆ ಹೋಗಿ, ಫರಹತಳ ಅಂಗಡಿಯಲ್ಲಿ ಕೂತು ‘ಮಹಾಕಾಯ’ವನ್ನು ಮೊದಲಿನಿಂದ ಆಡಿದಳು. ದೈತ್ಯ ಹೆಜ್ಜೆ ಇಟ್ಟ. ಲೋಟಗಳು ಇದ್ದಲ್ಲೇ ಇದ್ದವು. ನೆಲದ ಸದ್ದಿಲ್ಲದೆ ನೋಡಿದಾಗ ಆಟದ ನಿಜವಾದ ಗುಣ ಕಂಡಿತು: ದೈತ್ಯನ ಕಣ್ಣಿನಲ್ಲಿ ನಿದ್ದೆಗೆಟ್ಟವರ ಸಂಕಟವಿದೆ, ಅದು ಚಂದ. ಆದರೆ ಅವನನ್ನು ಮಲಗಿಸುವ ಉಪಾಯ ಮೊದಲ ಊರಿನಲ್ಲಿ ಯಾವುದೋ, ಏಳನೇ ಊರಿನಲ್ಲೂ ಅದೇ. ಅಲ್ಲಿಂದಲೇ ಹೊಸ ವಿಡಿಯೋ ಮಾಡಿದಳು. ನಡೆದದ್ದನ್ನು ಒಂದೂ ಬಿಡದೆ ಹೇಳಿದಳು, ನೋಟ್‌ಬುಕ್ಕಿನ ಶನಿವಾರಗಳನ್ನೂ ಓದಿದಳು. “ಮಹಾಕಾಯ ಠಕ್. ನಾ ಮೊದಲ ಹೇಳಿದ ತೀರ್ಪು ಧಪ್. ಉಳಿದ ಎಂಟನ್ನೂ ಇಲ್ಲೇ ಕುಂತು ಮತ್ತ ಬಡೀತೀನಿ.” ಹೈದರಾಬಾದಿನವರಿಗೆ ತಾನೇ ಬರೆದು ತನ್ನ ಸಾಲು ತೆಗೆಯಲು ಕೇಳಿಕೊಂಡಳು. ಅವರು ಸಂಜೆಯೊಳಗೆ ತೆಗೆದುಬಿಟ್ಟರು. ಒಂದು ಮಾತಿಗಾದರೂ ‘ಇರಲಿ ಬಿಡಿ’ ಎನ್ನಬಾರದಿತ್ತೇ? ಮರಳುವ ಬಸ್ಸಿನಲ್ಲಿ ಅವಳಿಗೆ ಅಳು ಬಂತು, ಅತ್ತಳು.

ಮನೆಗೆ ಬಂದು, ಬೈಗುಳ ಓದಲು ಗಟ್ಟಿ ಮನಸ್ಸು ಮಾಡಿ ಫೋನ್ ತೆಗೆದಳು. ಹೊರಗಿನವರು ನಕ್ಕಿದ್ದರು, ಒಬ್ಬಿಬ್ಬರು ಶಭಾಷ್ ಎಂದಿದ್ದರು. ಅವಳು ಎಣಿಸದೇ ಇದ್ದದ್ದು ಅವಳ ಸ್ವಂತ ಊರಿನಿಂದ ಬಂದಿತ್ತು. ‘ಯಾರಿಗಿ ಅಂಜಿ ಹಿಂಗ ಹೇಳಾಕತ್ತೀರಿ ಮೇಡಂ?’ ‘ನಮ್ಮ ಮನ್ಯಾಗೂ ನಡುಗ್ಯದ, ನೀವು ಹೇಳಿದ್ದೇ ಖರೇ.’ ‘ಚಿಂಚೋಳಿ ನೆಲ ದಪ್ಪ ಇರಬೇಕ್ರಿ.’ ಎಲ್ಲರಿಗಿಂತ ಜೋರು ಸ್ಟೇಷನ್ ರೋಡಿನ ಮೊಬೈಲ್ ಅಂಗಡಿಯ ದೇವಿಂದ್ರ. “ಮೇಡಂ ಖಣ್ ಅಂದ್ರ ಖಣ್. ನಾನೂ ಮಹಾಕಾಯ ಆಡೀನಿ, ನಮ್ಮ ಅಂಗಡಿ ಶೋಕೇಸಿನ ಕಾಚು ಗಡಗಡ ಅಂದದ. ಎಲ್ಲಿ ಬೇಕಲ್ಲಿ ಬಂದು ಸಾಕ್ಷಿ ಹೇಳ್ತೀನಿ. ತೀರ್ಪು ವಾಪಸ್ ತಗೋಬ್ಯಾಡ್ರಿ.”

ಆರು ವರ್ಷದಲ್ಲಿ ಮೊದಲ ಸಲ ಎತ್ತಿ ನಿಲ್ಲಿಸಿ ಬಡಿದು ಹೇಳಿದ ತೀರ್ಪು. ಅದನ್ನು ನಂಬದೇ ಇದ್ದವರು ಅವಳನ್ನು ಎಲ್ಲರಿಗಿಂತ ಹೆಚ್ಚು ನಂಬಿದವರೇ. ಸಂಘಮಿತ್ರಾಳಿಗೆ ನಗುವೂ ಬಂತು, ಅವರ ಮೇಲೆ ಪ್ರೀತಿಯೂ ಬಂತು. ವಾದ ಮಾಡಲಿಲ್ಲ. ದೇವಿಂದ್ರನಿಗೆ ಎರಡೇ ಸಾಲು ಬರೆದಳು: “ನಾಳಿ ಮಧ್ಯಾಹ್ನ ಒಂದಕ್ಕ ಅಂಗಡ್ಯಾಗ ಟೀವಿ, ಫೋನ್ ಎಲ್ಲಾ ಬಂದ್ ಮಾಡ್ರಿ. ಕಾಚಿನ ಮ್ಯಾಲ ಕೈ ಇಟ್ಟು ಅರ್ಧ ತಾಸು ಸುಮ್ಮ ಕುಂದ್ರಿ.”

ಸೋಮವಾರ ಅವಳು ಒಂಬತ್ತನೇ ತರಗತಿಗೆ ತ್ರಿಕೋನ ಕಲಿಸಿ ಹೊರಬರುವಾಗ ಫೋನಿನಲ್ಲಿ ದೇವಿಂದ್ರನ ಸಂದೇಶಗಳಿದ್ದವು. ಮೊದಲನೆಯದು ಒಂದು ಗಂಟೆ ಐದು ನಿಮಿಷದ್ದು: “ಕುಂತೀನ್ರಿ. ಏನೂ ಇಲ್ಲ. ನಾ ಹೇಳಿದ್ದಿಲ್ಲೇನು?” ಎರಡನೆಯದು ಒಂದು ಇಪ್ಪತ್ತಕ್ಕೆ ಬಂದಿತ್ತು.

“ಮೇಡಂ, ಇದು ದಿನಾ ಆಗ್ತದೇನ್ರಿ?”