ಅಳ್ಳಾಡದ ಗಿರಾಕಿ

ಬಾಗಲಕೋಟೆಯ ಮುರ್ತುಜಸಾಬನ ಅಂಗಡಿಯ ಮೇಲೆ ‘ಹದ್ದಿನ ಕಣ್ಣಿನ ಫೋಟೋಗ್ರಾಫರ್’ ಎಂಬ ಬೋರ್ಡು ಇತ್ತು. ಬರೆಸಿದವನು ಅವನೇ. ಹನ್ನೆರಡು ವರ್ಷದ ಹಿಂದೆ ಬರೆಸುವಾಗ ಹದ್ದಿಗೂ ವಯಸ್ಸಾಗುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಈಗ ಎರಡು ವರ್ಷದಿಂದ ಕಣ್ಣು ಮಂಜಾಗಿತ್ತು. ಕ್ಯಾಮೆರಾದ ಹಿಂದಿನ ಗಾಜಿನ ಮೇಲೆ ತಲೆಕೆಳಗಾಗಿ ಬೀಳುವ ಬಿಂಬವನ್ನು ಅವನು ಕರಿಬಟ್ಟೆಯೊಳಗೆ ತಲೆ ತೂರಿಸಿ ಅಂದಾಜಿನ ಮೇಲೆ ಹೊಂದಿಸುತ್ತಿದ್ದ. ಫೋಟೋ ಮಸುಕಾದರೆ ಉತ್ತರ ತಯಾರಿತ್ತು: “ನೀವ ಅಳ್ಳಾಡಿದ್ರಿ.” ವಕೀಲರು ಅಳ್ಳಾಡಿದ್ದರು, ಹುನಗುಂದದ ಮದುಮಗಳು ಅಳ್ಳಾಡಿದ್ದಳು. ಲಕ್ವಾ ಹೊಡೆದು ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದ ಕಲಾದಗಿಯ ಮುದುಕನೂ ಅಳ್ಳಾಡಿದ್ದ. ಗಿರಾಕಿಯ ತಲೆಯ ಮೇಲೆ ಗೂಬೆ ಕೂರಿಸುವುದರಲ್ಲಿ ಸಾಬನ ಕೈ ಚೆನ್ನಾಗಿ ಪಳಗಿತ್ತು. ಕಣ್ಣು ಹೋಗುತ್ತಿದೆ ಎಂದು ಊರಿಗೆ ತಿಳಿದರೆ ಅಂಗಡಿಯೂ ಹೋಗುತ್ತದೆ. ಅದಕ್ಕೇ ಹೆಂಡತಿ ಮಾಬುಬಿಗೂ ಅವನು ಬಾಯಿ ಬಿಟ್ಟಿರಲಿಲ್ಲ.

ಅಂಥವನ ಬಾಗಿಲಿಗೆ ಪಕ್ಷಿಗಳ ಹುಚ್ಚಿನ ಇಂಗ್ಲಿಷ್ ಸಾಹೇಬನೊಬ್ಬ ಬಂದ. ಬಾದಾಮಿಯ ಗುಡ್ಡದಲ್ಲಿ ಕಲ್ಲಿನೊಳಗೆ ಕಲ್ಲಾಗಿ ಕೂರುವ ಗೂಬೆಯ ಫೋಟೋ ಬೇಕಂತೆ. ಬೋರ್ಡು ಓದಿಸಿಕೊಂಡು ಬಂದವನಿಗೆ ಆಗುವುದಿಲ್ಲ ಎನ್ನುವುದು ಹೇಗೆ? ಮುರ್ತುಜಸಾಬ ಮೀಸೆ ತಿರುವಿ ಒಪ್ಪಿಕೊಂಡ.

ಮರುದಿನ ರೈಲು ಹತ್ತಿ ಬಾದಾಮಿಗೆ ಹೋದ. ಸೌದೆ ಆರಿಸಲು ದಿನವೂ ಗುಡ್ಡ ಹತ್ತುವ ಸತ್ಯವ್ವ ದಾರಿ ತೋರಿಸಿದಳು. ಕೆಂಪು ಬಂಡೆಯೊಂದರ ಎದುರು ನಿಂತು ಬೆರಳು ಮಾಡಿದಳು.

“ಆ ಬಿರುಕಿನ ಬುಡಕ ಕುಂತೈತಿ ನೋಡ್ರಿ.”

ಸಾಬನಿಗೆ ಕಂಡದ್ದು ಬಂಡೆ. ಇನ್ನಷ್ಟು ಕಣ್ಣು ಕಿರಿದು ಮಾಡಿದ. ಇನ್ನಷ್ಟು ಬಂಡೆ ಕಂಡಿತು.

“ಕಂಡ್ತು, ಕಂಡ್ತು,” ಎಂದ. “ಭಾಳ ಛಂದ ಐತಿ.”

ಬೆರಳಿನ ದಿಕ್ಕಿಗೆ ಕ್ಯಾಮೆರಾ ತಿರುಗಿಸಿ, ಲೆನ್ಸಿನ ಮುಚ್ಚಳ ತೆಗೆದು ಮುಚ್ಚಿ, ಮೂರು ಗಾಜಿನ ಪ್ಲೇಟಿನ ಮೇಲೆ ಫೋಟೋ ತೆಗೆದ. ಸತ್ಯವ್ವ ಸೌದೆಯ ಹೊರೆಯ ಮೇಲೆ ಕೂತು ನೋಡುತ್ತಿದ್ದಳು.

“ನಾವು ಬಂದಾಗಿಂದ ಮೈ ಅಲುಗಿಸಿಲ್ಲ ನೋಡ್ರಿ ಅದು. ಇಂಥಾ ಗಿರಾಕಿ ನಿಮಗ ಎಲ್ಲಿ ಸಿಗಬೇಕು?”

ಸಾಬ ಕರಿಬಟ್ಟೆ ಮಡಚುತ್ತ ಲೆಕ್ಕ ಹಾಕಿದ. ಎಲ್ಲರ ತಲೆಯ ಮೇಲೂ ಗೂಬೆ ಕೂರಿಸಬಹುದು. ಗೂಬೆಯ ತಲೆಯ ಮೇಲೆ ಏನು ಕೂರಿಸುವುದು?

ಮನೆಗೆ ಬಂದು ಪ್ಲೇಟು ತೊಳೆದು ಒಣಗಿಸಿದ. ಮಾಬುಬಿ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ಇಲ್ಲೇ ಐತಲ್ರಿ, ನಟ್ಟನಡುವ. ಆದ್ರ ಎಲ್ಲಾ ಮಸುಕ ಮಸುಕ. ಗೂಬಿ ಅಳ್ಳಾಡ್ತೇನು?”

ಅಭ್ಯಾಸಬಲ, ‘ಹೌದು’ ತುಟಿಯ ತನಕ ಬಂತು. ಆದರೆ ಬಿಸಿಲಲ್ಲಿ ಅಷ್ಟು ಹೊತ್ತು ಮರ್ಯಾದೆಯಿಂದ ಕೂತಿದ್ದ ಹಕ್ಕಿಯ ಮೇಲೆ ಸುಳ್ಳು ಹೇರಲು ಅವನಿಗೆ ನಾಚಿಕೆಯಾಯಿತು.

“ಇಲ್ಲ. ಅದು ಅಳ್ಳಾಡಲಿಲ್ಲ. ನನಗ ಕಾಣಲಿಲ್ಲ,” ಎಂದ. “ಎರಡು ವರ್ಷಾತು, ನೆಟ್ಟಗ ಕಾಣವಲ್ದು.”

ಮಾಬುಬಿ ಪ್ಲೇಟನ್ನು ಮೆಲ್ಲಗೆ ಕೆಳಗಿಟ್ಟಳು.

“ಗೊತ್ತೈತ್ರಿ. ಎರಡನೇ ಸಲ ತಗದಾಗ ವಕೀಲರ ಮೀಸಿ ಕೂದಲ ಕೂದಲ ಎಣಿಸೋಹಂಗ ಬಂದೈತಿ ಅಂತ ಊರೆಲ್ಲಾ ಹೊಗಳಿತಲ್ಲ, ಅದನ್ನ ಶಾಯಿಲೆ ತಿದ್ದಿದಾಕಿ ನಾನು. ಮದುಮಗಳ ಕಣ್ಣೂ ನಾನ ತಿದ್ದೀನಿ. ಮಧ್ಯಾಹ್ನ ನೀವು ಮಲ್ಕೊಂಡಾಗ ಕುಂತು ತಿದ್ದತಿದ್ನಿ. ನೀವಾಗೇ ಹೇಳ್ತೀರಿ ಅಂತ ಸುಮ್ಮನಿದ್ದೆ.”

ಆ ಮೀಸೆಯನ್ನು ತೋರಿಸಿ ಅವನು ಕಂಡ ಕಂಡವರ ಮುಂದೆ ಜಂಬ ಕೊಚ್ಚಿದ್ದ. ಈಗ ತಲೆ ತಗ್ಗಿಸಿ ಕೂತ. ನಾಚಿಕೆಯ ಕೆಳಗೆ, ಎರಡು ವರ್ಷದಿಂದ ಇಲ್ಲದ ಒಂದು ಹಗುರತನ ಇತ್ತು.

ಆ ವಾರವೇ ಇಬ್ಬರೂ ಬಾದಾಮಿಯ ರೈಲು ಹತ್ತಿದರು. ಬಂಡೆಯ ಎದುರು ಮಾಬುಬಿ ಕರಿಬಟ್ಟೆಯೊಳಗೆ ಹೊಕ್ಕಳು. ಸಾಬ ಕ್ಯಾಮೆರಾದ ಮುಂದೆ, ಲೆನ್ಸಿನ ಮುಚ್ಚಳಕ್ಕೆ ಕೈಯಿಟ್ಟು ನಿಂತ.

“ತಲಿಕೆಳಗಾಗಿ ಕುಂತೈತ್ರಿ,” ಎಂದಿತು ಬಟ್ಟೆಯೊಳಗಿನ ದನಿ. “ಕಣ್ಣ ತಗದೈತಿ. ನಮ್ಮನ್ನ ನೋಡಾಕತ್ತೈತಿ.”

ಸತ್ಯವ್ವ ಹೊರೆ ಇಳಿಸಿ ಇಬ್ಬರನ್ನೂ ನೋಡಿದಳು.

“ಫೋಟೋ ತಗಿಯೋರು ಯಾರ್ರಿ, ನೀವೋ ಅವರೋ?”

“ಆಕಿ,” ಎಂದ ಮುರ್ತುಜಸಾಬ. “ನಾ ಬರೇ ಮುಚ್ಚಳಾ ತಗಿಯಾಂವ.”