ಬಿದ್ದವನು ಯಾರು

ಲೊರೆದಾನಾ ಮಗ ಡೆನಿಸ್‌ನ ಬೈಕ್ ರೇಸಿಗೆ ತಪ್ಪದೆ ಬರುತ್ತಾಳೆ, ಆದರೆ ಟ್ರ್ಯಾಕಿಗೆ ಬೆನ್ನು ಹಾಕಿ ಕೂರುತ್ತಾಳೆ. ಗುಡ್ಡದ ಹುಲ್ಲಿನ ಮೇಲೆ ಕೂತು ನಾವೆಲ್ಲ ಕೆಳಗೆ ನೋಡುತ್ತಿದ್ದರೆ ಅವಳು ನಮ್ಮ ಮುಖ ನೋಡುತ್ತಿರುತ್ತಾಳೆ. ನಾವು ಕೂಗಿ ಕುಣಿದರೆ ಡೆನಿಸ್ ಯಾರನ್ನೋ ಹಿಂದೆ ಹಾಕಿದ ಅಂತ ಅರ್ಥ. ಬೈಯೋಕೆ ಶುರು ಮಾಡಿದರೆ ಯಾರೋ ಅವನನ್ನು ಹಿಂದೆ ಹಾಕಿದರು ಅಂತ. "ತಂಡದವರು ಒಳಗೇ ಕುರ್ಚಿ ಕೊಡ್ತಾರಲ್ಲೇ, ಅಲ್ಲಿ ಕೂತ್ಕೋಬಾರ್ದಾ?" ಅಂತ ಒಮ್ಮೆ ಕೇಳಿದ್ದೆ. "ಅಲ್ಲಿ ನಾಲ್ಕೂ ಗೋಡೆಗೆ ಟಿವಿ ಹಾಕಿದಾರೆ ಇರಿಡೆ. ಬೆನ್ನು ಹಾಕೋಕೆ ಜಾಗವೇ ಇಲ್ಲ," ಅಂದಳು.

ನನ್ನದು ನಮ್ಮೂರಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ. ಲೊರೆದಾನಾ ಪಕ್ಕದಲ್ಲೇ ಪಾಸ್ತಾ ಹೊಸೆದು ಮಾರುತ್ತಾಳೆ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ರೊಮಾನ್ಯಾ ಪ್ರಾಂತ್ಯದ ಈ ಕಡೆ ಮಕ್ಕಳನ್ನು ನಡೆಯೋದು ಕಲಿಯುವ ಮೊದಲೇ ಬೈಕಿನ ಟ್ಯಾಂಕ್ ಮೇಲೆ ಕೂರಿಸುತ್ತಾರೆ. ಡೆನಿಸ್ ಅದರ ಮೇಲಿಂದ ಇಳಿಯಲೇ ಇಲ್ಲ. ಈಗ ಅವನಿಗೆ ಇಪ್ಪತ್ಮೂರು, ದೊಡ್ಡ ರೇಸುಗಳಲ್ಲಿ ಓಡುತ್ತಾನೆ. ಊರಲ್ಲಿ ಅವನ ಹೆಸರಿನ ಅಭಿಮಾನಿ ಸಂಘ ಇದೆ. ಸಂಘಕ್ಕೆ ಅಧ್ಯಕ್ಷ ಲೆಯಾರ್ಕೊ. ಟ್ರ್ಯಾಕ್ಟರ್ ರಿಪೇರಿ ಮಾಡಿ ಮಾಡಿ ಕಿವಿ ಅರ್ಧ ಮಂದವಾದ ಮುದುಕ. ಹಾಗಾಗಿ ಅವನು ಮಾತಾಡಿದರೆ ಗುಡ್ಡಕ್ಕೆಲ್ಲ ಕೇಳುತ್ತದೆ.

ಆ ವರ್ಷ ನಮ್ಮ ಸಂಘಕ್ಕೆ ಒಬ್ಬ ಶತ್ರು ಇದ್ದ. ಸ್ಪೇನಿನ ಇನಿಗೊ ಬರ್ರಾಚಿನಾ. ಹಿಂದಿನ ವರ್ಷ ಒಂದು ತಿರುವಿನಲ್ಲಿ ಅವನು ಒಳಗೆ ನುಗ್ಗಿ ಡೆನಿಸ್‌ನನ್ನು ಬೀಳಿಸಿ ಹೆಗಲ ಮೂಳೆ ಮುರಿದಿದ್ದ. ಆಮೇಲೆ ಕ್ಯಾಮರಾ ಮುಂದೆ, "ರೇಸ್ ಅಂದ್ರೆ ರೇಸು, ಚರ್ಚ್ ಮೆರವಣಿಗೆ ಅಲ್ಲ," ಅಂದಿದ್ದ. ಆ ಮಾತನ್ನು ನಾವು ಯಾರೂ ಮರೆತಿರಲಿಲ್ಲ. ಸೆಪ್ಟೆಂಬರಿನಲ್ಲಿ ನಮ್ಮದೇ ಸಮುದ್ರದ ಬದಿಯ ಟ್ರ್ಯಾಕಿಗೆ ರೇಸ್ ಬಂದಾಗ ಇಬ್ಬರಲ್ಲಿ ಯಾರು ಬೇಕಾದರೂ ಚಾಂಪಿಯನ್ ಆಗಬಹುದಾಗಿತ್ತು.

ಬೆಳಿಗ್ಗೆಯೇ ಗುಡ್ಡ ತುಂಬಿತ್ತು. ಲೆಯಾರ್ಕೊ ಇದ್ದಿಲು ಹೊತ್ತಿಸಿ ಪಿಯಾದೀನಾ ರೊಟ್ಟಿ ಬಿಸಿ ಮಾಡುತ್ತಾ, "ಆ ಬರ್ರಾಚಿನಾ ಸವಾರನಲ್ಲ, ಗೂಳಿ. ಮುಂದೆ ಏನಿದೆ ಅಂತ ನೋಡಲ್ಲ, ಹಾಯ್ತಾನೆ ಅಷ್ಟೆ," ಅಂದ.

"ಹೋದ ವಾರ ಡೆನಿಸೂ ಹಾಗೇ ನುಗ್ಗಿದ್ನಲ್ಲ, ಆಗ ನೀವು ಮೇಜು ಹತ್ತಿ ಕುಣಿದ್ರಿ," ಅಂದಳು ಸ್ವೇವಾ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಸಂಘದಲ್ಲಿ ಲೆಯಾರ್ಕೊಗೆ ಎದುರು ಮಾತಾಡುವವಳು ಅವಳೊಬ್ಬಳೇ.

"ಅದು ಬೇರೆ. ಡೆನಿಸ್ ಜಾಗ ನೋಡಿ ಹೋದ."

"ನಮ್ಮವನು ಹೋದ್ರೆ ಜಾಗ, ಅವನು ಹೋದ್ರೆ ಗೂಳಿ! ಬೈಕ್ ಓಡ್ಸೋದ್ರಲ್ಲಿ ಅವನನ್ನ ಮೀರ್ಸೋರಿಲ್ಲ ತಾತ. ಮಳೇಲಿ ಅವನನ್ನ ನೋಡಿದೀರಾ?"

"ನೋಡಮ್ಮಾ, ಆ ಹುಡುಗನ್ನೇ ಮದುವೆ ಆಗು, ಅವನೂರು ವಲೆನ್ಸಿಯಾಕ್ಕೆ ಹೋಗಿ ಕಿತ್ತಳೆ ಹಣ್ಣು ಮಾರು. ರೊಟ್ಟಿ ಮಾತ್ರ ಕೇಳ್ಬೇಡ."

ಎಲ್ಲರೂ ನಕ್ಕರು. ಲೊರೆದಾನಾ ನಗಲಿಲ್ಲ. ಅವಳು ರೊಟ್ಟಿಯನ್ನು ಚೂರು ಚೂರು ಮಾಡಿ ಕಾಗದದ ಮೇಲೆ ಗುಡ್ಡೆ ಹಾಕುತ್ತಿದ್ದಳು, ಒಂದೂ ಬಾಯಿಗೆ ಹೋಗಿರಲಿಲ್ಲ. ಬರ್ರಾಚಿನಾನ ಹೆಸರು ಬಂದರೆ ಅವಳು ಮಾತಾಡುವುದೇ ಇಲ್ಲ. ಮಗನ ಹೆಗಲಿಗೆ ಹಾಕಿದ ತಗಡನ್ನು ಆಸ್ಪತ್ರೆಯ ಎಕ್ಸ್‌ರೇಯಲ್ಲಿ ನೋಡಿದ್ದಳಲ್ಲ, ಅದು ಅವಳ ಕಣ್ಣಿಂದ ಹೋಗಿರಲಿಲ್ಲ.

ರೇಸ್ ಶುರುವಾಯಿತು. ಬರ್ರಾಚಿನಾ ಮುಂದೆ, ಡೆನಿಸ್ ಅವನ ಹಿಂದೆಯೇ, ಉಳಿದವರೆಲ್ಲ ದೂರ. ಪ್ರತಿ ಸುತ್ತಿನಲ್ಲೂ ನಮ್ಮ ಕೆಳಗಿನ ಉದ್ದದ ದಾರಿಯಲ್ಲಿ ಇಬ್ಬರೂ ಒಂದೇ ಗಾಡಿಯ ಹಾಗೆ ಅಂಟಿಕೊಂಡು ಬಂದು, ಕೊನೆಯ ಬಲ ತಿರುವಿನಲ್ಲಿ ಬ್ರೇಕ್ ಹಿಡಿದು ಬೈಕ್ ವಾಲಿಸುತ್ತಿದ್ದರು. ಸ್ಪೇನಿನವನು ಬಂದಾಗ ಗುಡ್ಡ ಪೂರ್ತಿ ಸಿಳ್ಳೆ ಹಾಕಿ ಅಣಕಿಸುತ್ತಿತ್ತು, ಮರುಕ್ಷಣವೇ ಡೆನಿಸ್‌ಗೆ ಚಪ್ಪಾಳೆ. ಲೊರೆದಾನಾ ನನ್ನ ಮುಖವನ್ನೇ ನೋಡುತ್ತಿದ್ದಳು, ಹಾಗಾಗಿ ನಾನು ಮುಖ ಬಿಗಿಹಿಡಿದಿದ್ದೆ.

ಅದು ಆದದ್ದು ಹೇಗೆ ಅಂತ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಬ್ರೇಕ್ ಹಿಡಿದರು. ಮುಂದಿನ ಬೈಕ್ ಇದ್ದಕ್ಕಿದ್ದಂತೆ ಮಲಗಿತು. ಹಿಂದಿನದು ಏನನ್ನೋ ಹತ್ತಿ ಹಾರಿತು. ಆಮೇಲೆ ಟ್ರ್ಯಾಕಿನ ಪಕ್ಕದ ಜಲ್ಲಿಯ ಧೂಳು ಎದ್ದು ಯಾರು ಎಲ್ಲಿ ಬಿದ್ದರೋ ಕಾಣಲಿಲ್ಲ.

ನನ್ನ ಮುಖ ಏನಾಯಿತೋ, ಲೊರೆದಾನಾ ಚಿಟ್ಟನೆ ಚೀರಿ ಎದ್ದು ತಿರುಗಿದಳು. ನಾನು ಕಂಡಂತೆ ಅವಳು ಟ್ರ್ಯಾಕನ್ನು ನೋಡಿದ್ದು ಅದೇ ಮೊದಲು.

ಧೂಳು ಇಳಿಯಿತು. ಟ್ರ್ಯಾಕಿನ ಅಂಚಿನಲ್ಲಿ ಒಬ್ಬ ಬಿದ್ದಿದ್ದ, ಮಿಸುಕಾಡುತ್ತಿರಲಿಲ್ಲ. ಜಲ್ಲಿಯ ಆಚೆ ಇನ್ನೊಬ್ಬ ಮೊಣಕಾಲೂರಿ ಏಳುತ್ತಿದ್ದ. ಊರಿನ ರೇಸ್ ಅಂತ ಡೆನಿಸ್ ಆ ದಿನ ಹೊಸ ಬಿಳಿ ಉಡುಪು ಹಾಕಿದ್ದ. ಬರ್ರಾಚಿನಾನದು ಯಾವಾಗಲೂ ಬಿಳಿಯೇ. ಈಗ ಇಬ್ಬರ ಮೈಯೂ ಮಣ್ಣು. ದೊಡ್ಡ ಪರದೆ ನೋಡಿದೆವು. ಅದರಲ್ಲಿ ಪ್ರೇಕ್ಷಕರನ್ನು, ಆಕಾಶವನ್ನು, ರೇಸ್ ನಿಲ್ಲಿಸುವ ಕೆಂಪು ಬಾವುಟವನ್ನು ತೋರಿಸುತ್ತಿದ್ದರು. ಬಿದ್ದದ್ದನ್ನು ಮತ್ತೆ ತೋರಿಸಲಿಲ್ಲ. ರೇಸ್ ನೋಡುವವರಿಗೆಲ್ಲ ಗೊತ್ತು, ಮತ್ತೆ ತೋರಿಸದಿದ್ದರೆ ಒಳ್ಳೆಯ ಸುದ್ದಿಯಲ್ಲ.

"ಯಾರು? ಬಿದ್ದಿರೋನು ಯಾರು?" ಲೊರೆದಾನಾ ನನ್ನ ರಟ್ಟೆ ಹಿಡಿದಿದ್ದಳು.

"ಕಾಣ್ತಿಲ್ಲ ಕಣೇ. ತಾಳು."

"ಹೆಲ್ಮೆಟ್ ನೋಡು ಸ್ವೇವಾ, ನಿನ್ನ ಕಣ್ಣು ಚುರುಕು," ಅಂದ ಲೆಯಾರ್ಕೊ.

"ಎಲ್ಲಾರೂ ಸುತ್ಕೊಂಡಿದಾರೆ ತಾತ. ಏನೂ ಕಾಣಲ್ಲ."

ಇಡೀ ಗುಡ್ಡ ಸದ್ದಡಗಿತ್ತು. ಆ ಮೌನದಲ್ಲಿ ಲೊರೆದಾನಾ ಗಟ್ಟಿಯಾಗಿಯೇ ಅಂದಳು: "ಅವನೇ ಆಗಿರ್ಲಿ. ಓ ತಾಯಿ ಮರಿಯಾ, ಆ ಸ್ಪೇನಿನವನೇ ಆಗಿರ್ಲಿ."

ಸುತ್ತ ಇದ್ದವರೆಲ್ಲ ಕೇಳಿಸಿಕೊಂಡರು. ಯಾರೂ ಅವಳ ಕಡೆ ತಿರುಗಲಿಲ್ಲ.

ಎದ್ದವನು ಕುಂಟುತ್ತಾ ಬಿದ್ದವನ ಬಳಿಗೆ ಓಡಿದ. ಹೆಲ್ಮೆಟ್ ಕಿತ್ತು ಎಸೆದು ಪಕ್ಕದಲ್ಲಿ ಕುಸಿದು ಕೂತ. ಆ ಗುಂಗುರು ಕೂದಲು ನಾನೇ ಪ್ರತಿ ತಿಂಗಳು ಕತ್ತರಿಸುವುದು. "ಡೆನಿಸ್! ಎದ್ದಿರೋನು ಡೆನಿಸ್!" ಅಂತ ಕೂಗಿದೆ. ಗುಡ್ಡದಿಂದ ಒಂದು ದೊಡ್ಡ ಹರ್ಷೋದ್ಗಾರ ಎದ್ದಿತು. ಕೆಳಗೆ ಬಿದ್ದವನು ಕಾಣದಂತೆ ಬಿಳಿ ಬಟ್ಟೆ ಅಡ್ಡ ಹಿಡಿಯುತ್ತಿದ್ದವರಲ್ಲಿ ಒಬ್ಬ ತಲೆಯೆತ್ತಿ ನಮ್ಮ ಕಡೆ ನೋಡಿದ. ಅಷ್ಟೇ. ಕೂಗು ಅರ್ಧಕ್ಕೇ ಸತ್ತುಹೋಯಿತು. ಚಪ್ಪಾಳೆಗೆ ಎತ್ತಿದ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಲೆಯಾರ್ಕೊ ಕಂಕುಳಲ್ಲಿ ಸಿಕ್ಕಿಸಿಕೊಂಡ.

ಲೊರೆದಾನಾ ಹುಲ್ಲಿನ ಮೇಲೆ ಕೂತು ವಾಂತಿ ಮಾಡಿದಳು.

ಹೆಲಿಕಾಪ್ಟರ್ ಬಂತು, ಹೋಯಿತು. ಆಮೇಲೆ ಧ್ವನಿವರ್ಧಕದಲ್ಲಿ, ರೇಸ್ ಮತ್ತೆ ಶುರುವಾಗುತ್ತದೆ ಅಂದರು. ಡೆನಿಸ್‌ನ ಬೈಕ್ ಹೆಚ್ಚು ಮುರಿದಿರಲಿಲ್ಲ, ಅದನ್ನೇ ಓಡಿಸಿಕೊಂಡು ಒಳಗೆ ಹೋಗಿದ್ದ, ಹಾಗಾಗಿ ಅವನೂ ಓಡಬಹುದಿತ್ತು. ನಮ್ಮ ಗುಂಪಿನಲ್ಲಿ ಪಿಸುಮಾತು ಎದ್ದಿತು. "ಓಡ್ಲೇಬೇಕು, ಇವತ್ತು ಗೆದ್ರೆ ಚಾಂಪಿಯನ್ ಆದ ಹಾಗೇ." "ಹೆಂಗಯ್ಯಾ ಓಡ್ತಾನೆ, ಕೈ ನಡುಗಲ್ವಾ?" "ನಡುಗಿದ್ರೂ ಓಡೋನೇ ಸವಾರ."

ಲೊರೆದಾನಾಳ ಫೋನ್ ಬಡಿದುಕೊಂಡಿತು. ಅವಳು ಕಿವಿಗೆ ಒತ್ತಿ ಹಿಡಿದರೂ ಪಕ್ಕದಲ್ಲಿದ್ದ ನನಗೆ ಕೇಳಿಸಿತು.

"ಅಮ್ಮಾ, ನನಗೇನೂ ಆಗಿಲ್ಲ."

"ನೋಡ್ದೆ ಕಂದಾ."

"ನೀನು ನೋಡಿದ್ಯಾ?" ಅಂದ ಡೆನಿಸ್. "ಅವನು ನನ್ನ ಚಕ್ರದ ಕೆಳಗೆ ಬಂದ. ಬೆನ್ನ ಮೇಲೇ ಹತ್ತಿತು. ನಂಗೆ ಕೈಗೇ ಗೊತ್ತಾಯ್ತಮ್ಮಾ. ಇಲ್ಲಿ ಎಲ್ಲಾರೂ ಓಡು ಅಂತಾರೆ. ಏನ್ ಮಾಡ್ಲಿ?"

ಲೊರೆದಾನಾ ಆ ತಿರುವಿನ ಕಡೆ ನೋಡಿದಳು. "ನಾನು ಹೇಳಲ್ಲ ಮಗಾ. ನಾನು ಹೇಳೋ ಹಾಗಿಲ್ಲ," ಅಂದಳು.

ಅವನು ಬೈಕ್ ಹತ್ತಿ ಹೊರಗೆ ಬಂದ. ರೇಸ್ ಶುರುವಾಗಲು ಸಾಲಿನಲ್ಲಿ ನಿಲ್ಲುವ ಮೊದಲಿನ ಸುತ್ತಿನಲ್ಲಿ, ಆ ಬಲ ತಿರುವಿನ ಹತ್ತಿರ, ಅವನ ಬೈಕ್ ನಿಧಾನವಾಯಿತು. ಸುತ್ತು ಮುಗಿಸಿ ಎಡಗೈ ಎತ್ತಿ ನೇರ ತಂಡದ ಗ್ಯಾರೇಜಿನೊಳಕ್ಕೆ ಹೋದ. ಮತ್ತೆ ಬರಲಿಲ್ಲ. ನಮ್ಮ ಹಿಂದಿನ ಸಾಲಿನಿಂದ ಯಾರೋ "ಹೇಡಿ!" ಅಂತ ಕೂಗಿದರು. ನಮ್ಮದೇ ಬಣ್ಣದ ಟೊಪ್ಪಿ ಹಾಕಿದವನು. ಲೆಯಾರ್ಕೊ ಏನೋ ಬೈಯಲು ಬಾಯಿ ತೆರೆದ, ಬೈಯಲಿಲ್ಲ. "ನಮ್ಮ ಕಾಲದಲ್ಲಿ ಓಡ್ತಿದ್ರು," ಅಂದ. ಸ್ವಲ್ಪ ಹೊತ್ತಾದ ಮೇಲೆ, "ಓಡಿ ಏನಾಗ್ತಿತ್ತೋ," ಅಂದ. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಸ್ವೇವಾ ಅವನ ಪಕ್ಕ ಕೂತು ಅಳುತ್ತಿದ್ದಳು.

"ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀಯಾ?" ಅಂದಳು ಲೊರೆದಾನಾ.

"ಡೆನಿಸ್‌ಗೇನಾಗಿದೆ?"

"ಡೆನಿಸ್‌ಗಲ್ಲ."

ಟ್ರ್ಯಾಕಿನ ಹತ್ತಿರ ಇದ್ದ ನನ್ನ ತಂಗಿಯ ಮನೆಯಿಂದ ಕಾರು ತಂದೆ. ದಾರಿಯಲ್ಲಿ ನಾನು, "ಅಲ್ಲಿ ಹೋಗಿ ಏನು ಹೇಳ್ತೀಯೇ? ಬೈದು ಕಳಿಸಿದ್ರೆ?" ಅಂದೆ. "ಬೈಯ್ಲಿ," ಅಂದಳು. ಕೈಯಲ್ಲಿ ಕರವಸ್ತ್ರ ಹಿಂಡುತ್ತಲೇ ಇದ್ದಳು. "ಅವನೇ ಆಗಿರ್ಲಿ ಅಂದೆ, ಅವನೇ ಆದ. ಸತ್ತುಹೋದ್ರೆ ನಾನು ಹೇಗಿರ್ಲಿ ಹೇಳು?"

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಆಪರೇಷನ್ ಕೋಣೆಯ ಎದುರು, ಬರ್ರಾಚಿನಾನ ತಂದೆ ಒಬ್ಬರೇ ಗೋಡೆಗೆ ಒರಗಿ ನಿಂತಿದ್ದರು. ಗಿಡ್ಡ ಆಳು, ತಂಡದ ಅಂಗಿ, ಕೊರಳಲ್ಲಿ ಗ್ಯಾರೇಜಿನ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಫೆರ್ಮಿನ್ ಅಂತ ಅವರ ಹೆಸರು. ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ, ನಿಧಾನವಾಗಿ ಆಡಿದರೆ ಅರ್ಥವಾಗುತ್ತದೆ.

"ನಾನು ಡೆನಿಸ್‌ನ ತಾಯಿ," ಅಂದಳು ಲೊರೆದಾನಾ.

ಅವರು ನೆಟ್ಟಗೆ ನಿಂತರು. "ನಿಮ್ಮ ಹುಡುಗನಿಗೆ ಏಟಾಗಿದೆಯಾ?" ಅಂತ ಕೇಳಿದರು.

"ಇಲ್ಲ. ಕಾಲು ಉಳುಕಿದೆ ಅಷ್ಟೆ." ಅವಳು ಉಸಿರು ಎಳೆದುಕೊಂಡಳು. "ನಾನು ಒಂದು ಮಾತು ಹೇಳ್ಬೇಕು. ಆಮೇಲೆ ನೀವು ಹೊರಗೆ ಹೋಗು ಅಂದ್ರೆ ಹೋಗ್ತೀನಿ. ಬಿದ್ದವರು ಯಾರು ಅಂತ ಗೊತ್ತಾಗದೇ ಇದ್ದಾಗ, ನಿಮ್ಮ ಮಗನೇ ಆಗಿರ್ಲಿ ಅಂತ ಬೇಡ್ಕೊಂಡೆ."

ನಾನು ನೆಲ ನೋಡಿದೆ. ಅವರಿಗೆ ಅರ್ಥವಾಗಲಿಲ್ಲವೇನೋ ಅಂದುಕೊಂಡೆ. ಫೆರ್ಮಿನ್ ಎರಡೂ ಕೈಯಿಂದ ಮುಖ ಉಜ್ಜಿಕೊಂಡರು.

"ನಾನು ಗ್ಯಾರೇಜಲ್ಲಿ ನಿಂತು ನಿಮ್ಮ ಮಗ ಆಗಿರ್ಲಿ ಅಂತ ಬೇಡ್ಕೊಂಡೆ ಅಮ್ಮಾ," ಅಂದರು. "ನನ್ನ ಮಾತು ನಡೀಲಿಲ್ಲ."

ಲೊರೆದಾನಾ ಅಲ್ಲೇ ಬೆಂಚಿನ ಮೇಲೆ ಕುಸಿದಳು. ಅವರೂ ಪಕ್ಕದಲ್ಲಿ ಕೂತರು. ನಾನು ಕಾಫಿ ತಂದುಕೊಟ್ಟೆ, ಇಬ್ಬರೂ ಕುಡಿಯದೆ ಲೋಟ ಹಿಡಿದುಕೊಂಡು ಆ ಬಾಗಿಲನ್ನೇ ನೋಡುತ್ತಾ ಕೂತರು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಒಟ್ಟಿಗೆ ಏಳುತ್ತಿದ್ದರು. ಹೊರಗೆ ಬಂದದ್ದು ಒಮ್ಮೆ ಗಾಡಿ ತಳ್ಳುವವನು, ಒಮ್ಮೆ ರಕ್ತದ ಚೀಲ ತರಲು ಓಡಿದ ನರ್ಸು.

ಡೆನಿಸ್ ಸಂಜೆ ಬಂದ, ಕಾಲಿಗೆ ಪಟ್ಟಿ ಸುತ್ತಿಕೊಂಡು. ಫೆರ್ಮಿನ್ ಎದುರು ತಲೆ ತಗ್ಗಿಸಿ ನಿಂತ. ಅವರು ಅವನ ಭುಜ ಹಿಡಿದು ಕೂರಿಸಿದರು.

"ಹಿಂದೆ ಇದ್ದೋನು ನೀನೊಬ್ಬನೇ. ನಿನಗೆ ಮಾತ್ರ ಗೊತ್ತಿರುತ್ತೆ. ಅವನು ಯಾಕೆ ಬಿದ್ದ ಮಗಾ?"

"ಮುಂದಿನ ಚಕ್ರ ಜಾರ್ತು. ಬ್ರೇಕ್ ತುಂಬಾ ತಡವಾಗಿ ಹಿಡಿದ," ಅಂದ ಡೆನಿಸ್. "ಅಷ್ಟು ತಡ ನನ್ನಿಂದ ಆಗಲ್ಲ. ಯಾರಿಂದ್ಲೂ ಆಗಲ್ಲ. ಪ್ರತಿ ಸುತ್ತಲ್ಲೂ ಅಲ್ಲೇ ನನ್ನಿಂದ ದೂರ ಹೋಗ್ತಿದ್ದ."

"ಹೌದಾ?" ಅಂದರು ಫೆರ್ಮಿನ್. ಅಷ್ಟು ಹೆದರಿಕೆಯ ನಡುವೆಯೂ ಆ ಮುಖದಲ್ಲಿ ಏನೋ ಒಂದು ಬೆಳಗಿತು. ಕೂಡಲೇ ಅಳು ಬಂತು.

ಕತ್ತಲಾಗುವ ಹೊತ್ತಿಗೆ ಡಾಕ್ಟರ್ ಬಂದು, ಜೀವಕ್ಕೆ ಭಯವಿಲ್ಲ, ಬೆನ್ನುಮೂಳೆ ಮುರಿದಿದೆ, ನರ ಉಳಿದಿದೆಯೋ ಇಲ್ಲವೋ ಈಗಲೇ ಹೇಳಲಾಗದು ಅಂದರು. ಉಳಿದಿತ್ತು. ಇನಿಗೊ ಬರ್ರಾಚಿನಾ ಚಳಿಗಾಲವೆಲ್ಲ ಮಲಗಿದ, ವಸಂತದಲ್ಲಿ ನಡೆದ. ಆ ವರ್ಷದ ಚಾಂಪಿಯನ್ ಮೂರನೆಯವನೊಬ್ಬನಾದ. ನಮ್ಮ ಸಂಘದಿಂದ ಕೆಲವರು ಬಿಟ್ಟು ಹೋದರು. ಡೆನಿಸ್‌ಗೆ ಧೈರ್ಯ ಹೋಯಿತು ಅಂತ ಅವರು ಈಗಲೂ ಕಾಫಿ ಅಂಗಡಿಯಲ್ಲಿ ಹೇಳುತ್ತಾರೆ. ಲೆಯಾರ್ಕೊ ಅವರ ಮೇಜಿಗೆ ಹೋಗಿ ಕೂರುವುದಿಲ್ಲ.

ಮೊನ್ನೆ ನನ್ನ ಅಂಗಡಿಯಲ್ಲಿ ಲೊರೆದಾನಾಳ ತಲೆ ತೊಳೆಯುತ್ತಿದ್ದಾಗ ಅವಳಿಗೆ ಫೋನ್ ಬಂತು. ಒದ್ದೆ ತಲೆಯಲ್ಲೇ ಎದ್ದು ಮಾತಾಡಿದಳು. ಇನಿಗೊ ಮತ್ತೆ ಬೈಕ್ ಹತ್ತಿದನಂತೆ.

"ನೀವಾದ್ರೂ ಬೇಡ ಅನ್ಬಾರ್ದಾ ಫೆರ್ಮಿನ್?" ಅಂತ ಬೈದಳು. ಆ ಕಡೆಯಿಂದ ಏನು ಹೇಳಿದರೋ, ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಕತ್ತಿನಿಂದ ನೀರು ಇಳಿದು ಅಂಗಿಯೆಲ್ಲ ನೆನೆಯುತ್ತಿತ್ತು. "ಮಾರ್ಚ್‌ನ ರೇಸಲ್ಲಾ? ಡೆನಿಸೂ ಅಲ್ಲೇ ಓಡ್ತಾನೆ," ಅಂದಳು. "ನಾನೂ ಬರ್ತೀನಿ. ಒಬ್ಬರೇ ನಿಂತ್ಕೋಬೇಡಿ."