ಕ್ಯಾಪಿನ ಹಿಂದಿನ ಗುಳ್ಳೆ

ಸೊಸೆಗೆ ತಾಳ್ಮೆ ಇರಲಿಲ್ಲ. ಟೈರಿನ ಅಂಗಡಿಯಲ್ಲಿ ಇದು ದೊಡ್ಡ ಕೊರತೆ. ಮೊಳೆ ಹೊಕ್ಕ ಟೈರನ್ನು ಯಾರು ಬೇಕಾದರೂ ಹಿಡಿಯುತ್ತಾರೆ. ರಾತ್ರಿ ಗಟ್ಟಿಯಾಗಿದ್ದು ಬೆಳಿಗ್ಗೆ ಮೆತ್ತಗಾಗುವ ಟೈರಿನ ಮುಂದೆ ಮಾತ್ರ ಕೂತು ಕಾಯಬೇಕು. ಅವಳು ಕಾಯುವವಳಲ್ಲ. ಒಲೆಯ ಮೇಲೆ ಹಾಲಿಟ್ಟರೆ ಉರಿ ಜೋರು ಮಾಡಿ ಉಕ್ಕಿಸುತ್ತಿದ್ದಳು. ನಟ್ಟು ಸಡಿಲವಾಗದಿದ್ದರೆ ಸ್ಪ್ಯಾನರ್ ಮೇಲೆ ಹತ್ತಿ ಕುಣಿಯುತ್ತಿದ್ದಳು.

ಅಂಗಡಿ ಮಾವನದು. ಅವನ ಮಂಡಿ ಸವೆದು ಹೋಗಿ, ಕೂತರೆ ಏಳಲು ಗೋಡೆ ಬೇಕಾಗುತ್ತಿತ್ತು. ಮಗ ಲಾರಿ ಓಡಿಸುತ್ತಿದ್ದ; ಅವನಿಗೆ ಉರುಳುವ ಟೈರು ಬೇಕಿತ್ತು, ಬಿಚ್ಚಿಟ್ಟ ಟೈರು ಬೇಕಿರಲಿಲ್ಲ. ಹಾಗಾಗಿ ಜಾಕ್ ಎತ್ತುವುದು, ಟೈರ್ ಕಳಚುವುದು, ಪ್ಯಾಚ್ ಹಾಕುವುದು ಎಲ್ಲವನ್ನೂ ಸೊಸೆ ಕಲಿತಿದ್ದಳು. ಬೀಗದ ಕೈ ಮಾತ್ರ ಮಾವನ ಸೊಂಟದಲ್ಲೇ ಇತ್ತು. ಈಗ ಅವನು ಅಂಗಡಿಯನ್ನು ಬ್ಯಾಟರಿ ಮಾರುವವನೊಬ್ಬನಿಗೆ ಬಾಡಿಗೆಗೆ ಕೊಡಲು ಮಾತಾಡಿ ಮುಗಿಸಿದ್ದ. ಆ ದಿನ ನಾಲ್ಕು ಗಂಟೆಗೆ ಬ್ಯಾಟರಿಯವನು ಅಡ್ವಾನ್ಸ್ ತರುವವನಿದ್ದ.

"ನಾನಿದ್ದೀನಲ್ಲ ಮಾವ, ನಾನು ನಡೆಸ್ತೀನಿ," ಎಂದು ಸೊಸೆ ಬೆಳಿಗ್ಗೆಯಿಂದ ಅದನ್ನೇ ಹೇಳುತ್ತಿದ್ದಳು.

"ನೀನು ನಡೆಸಲ್ಲಮ್ಮ, ಓಡಿಸ್ತೀಯ. ನನ್ನ ಭಯ ಅದೇ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ನೆ ಹೇಳಿಲ್ಲ."

"ಆತುರಗಾರನಿಗೆ ತಾನೆ? ಆತುರಗಾತಿ ಬಗ್ಗೆ ಏನೂ ಹೇಳಿಲ್ವಲ್ಲ."

ಅಂಗಡಿಯ ಹಿಂದೆಯೇ ಮನೆ. ಅಡುಗೆಮನೆಯ ಕಿಟಕಿಯಿಂದ ಅತ್ತೆಯ ಮಾತು ತೂರಿ ಬಂತು. "ಬಾಯಲ್ಲೇ ಪಂಕ್ಚರ್ ಹಾಕ್ತಾಳೆ ಅವಳು. ಕೊಟ್ಬಿಡಿ ಅತ್ಲಾಗೆ."

"ನೀನು ಸುಮ್ನಿರು," ಎಂದ ಮಾವ. ಆಗಲೇ ನರ್ಸಮ್ಮನ ಬಿಳಿ ಕಾರು ಬಂದು ನಿಂತಿತು.

ನರ್ಸಮ್ಮ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು ಬರುವವಳು. ಕಾರು ಇಲ್ಲದಿದ್ದರೆ ಅವಳಿಗೆ ಕೈಕಾಲು ಕಟ್ಟಿದ ಹಾಗೆ. ಹಿಂದಿನ ಎಡಗಡೆ ಟೈರಿಗಾಗಿ ಬರುತ್ತಿರುವುದು ಇದು ಮೂರನೇ ಸಲ. ಮೊದಲ ಸಲ ಸೊಸೆ ಗಾಳಿ ತುಂಬುವ ವಾಲ್ವಿನ ಒಳಗಿನ ಪಿನ್ ಬದಲಿಸಿದ್ದಳು. ಎರಡನೇ ಸಲ ಟೈರು ಕೂರುವ ಡಿಸ್ಕಿನ ಅಂಚಿನ ತುಕ್ಕು ಕೆರೆದು ಅಂಟು ಬಳಿದಿದ್ದಳು. ಎರಡು ಸಲವೂ ಮಾರನೇ ದಿನ ಟೈರು ಅರ್ಧ ಇಳಿದಿತ್ತು.

"ನಿಮ್ಮ ಕೈಲಾಗಲ್ಲ ಅಂದ್ರೆ ಹೇಳ್ಬಿಡಿ," ಎಂದಳು ನರ್ಸಮ್ಮ. ಸಿಟ್ಟಿರಲಿಲ್ಲ, ಸುಸ್ತಿತ್ತು. "ನಾಲ್ಕಕ್ಕೆ ಬರ್ತೀನಿ. ಆಮೇಲೆ ಒಬ್ಬರು ಅಜ್ಜಿ ಕಾಯ್ತಾ ಇರ್ತಾರೆ."

ಅವಳು ಚೀಲ ಹೆಗಲಿಗೇರಿಸಿ ಪಕ್ಕದ ಬೀದಿಗೆ ನಡೆದಳು. ಮಾವ ಕಾರನ್ನು ನೋಡಿದ, ಸೊಸೆಯನ್ನು ನೋಡಿದ.

"ಈ ಗಾಲಿ ಎಲ್ಲಿ ಸೋರ್ತಿದೆ ಹಿಡಿ," ಎಂದ. "ನಾಲ್ಕು ಗಂಟೆಯೊಳಗೆ ಹಿಡಿದ್ರೆ ಬೀಗದ ಕೈ ನಿಂದು. ಆಗ್ಲಿಲ್ವಾ, ಆಮೇಲೆ ನನ್ನ ತಲೆ ತಿನ್ನಬಾರದು."

"ಮಾತು ತಪ್ಪಲ್ಲ ತಾನೆ?"

"ನಿನ್ನ ಅತ್ತೆ ಕೇಳಿಸಿಕೊಂಡಿದ್ದಾಳೆ. ಇನ್ನು ತಪ್ಪೋಕಾಗುತ್ತಾ?"

ಸೊಸೆ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಳು. ಮಾವ ಕಲಿಸಿದ ಕ್ರಮ ಅವಳಿಗೆ ಬಾಯಿಪಾಠವಾಗಿತ್ತು. ಮೊದಲು ಗಾಲಿಯ ಮುಚ್ಚಳವಾದ ವೀಲ್ ಕ್ಯಾಪ್ ಕಿತ್ತು ಗೋಡೆಯ ಗೂಟಕ್ಕೆ ನೇತುಹಾಕಬೇಕು. ಕಾರು ಎತ್ತಬೇಕು. ಬಾಯಿಂದ ಎಂಜಲು ತೆಗೆದು ವಾಲ್ವಿನ ತುದಿಗೆ ಹಚ್ಚಿ ಗುಳ್ಳೆ ನೋಡಬೇಕು. ಆಮೇಲೆ ಸೋಪಿನ ನೀರು, ಆಮೇಲೆ ತೊಟ್ಟಿ. ಎಲ್ಲ ಮುಗಿದ ಮೇಲೆ ಗಾಲಿಯನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಕ್ಯಾಪ್ ಒತ್ತಿ ಕೂರಿಸಬೇಕು. ಗಿರಾಕಿಗೆ ಸೋಪಿನ ಕಲೆ ಕಾಣಬಾರದು ಎಂಬುದು ಮಾವನ ಶಿಸ್ತು. ಇನ್ನೊಂದು ಶಿಸ್ತೂ ಇತ್ತು: ಗಿರಾಕಿಯ ವಾಲ್ವನ್ನು ಕೈಯಿಂದ ಬಗ್ಗಿಸಬಾರದು, ಬುಡ ಸಡಿಲವಾಗುತ್ತದೆ.

ಎಂಜಲಿನಲ್ಲಿ ಗುಳ್ಳೆ ಏಳಲಿಲ್ಲ. ಗಾಲಿ ಬಿಚ್ಚಿ, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದಳು. ಗಾಲಿ ನೀರಿನಲ್ಲಿ ಎಮ್ಮೆಯ ಹಾಗೆ ಮಲಗಿತು. ಒಂದು ಗುಳ್ಳೆ ಎದ್ದಿತು. ಸೊಸೆಯ ಎದೆ ಹಾರಿತು. ನೋಡಿದರೆ ಟೈರಿನ ಗೆರೆಗಳ ನಡುವೆ ಸಿಕ್ಕಿಕೊಂಡಿದ್ದ ಗಾಳಿ. ಕೈಯಿಂದ ಸವರಿದರೆ ಮಾಯ. ತಿರುಗಿಸಿದಳು, ಮತ್ತೆ ತಿರುಗಿಸಿದಳು. ಮೊಣಕೈವರೆಗೆ ಒದ್ದೆ. ಟೈರು ಕಳಚಿ ಒಳಗೆಲ್ಲ ಬೆರಳಾಡಿಸಿದಳು. ಮೊಳೆ ಇಲ್ಲ, ಗಾಜಿಲ್ಲ, ಮುಳ್ಳಿಲ್ಲ. ಅಂಚು ಮತ್ತೆ ಕೆರೆದು, ಮತ್ತೆ ಅಂಟು ಬಳಿದು, ಮತ್ತೆ ಮುಳುಗಿಸಿದಳು. ನೀರು ಕನ್ನಡಿಯ ಹಾಗಿತ್ತು.

"ಊಟ ಮಾಡೇ," ಎಂದಳು ಅತ್ತೆ ಕಿಟಕಿಯಿಂದ.

"ಊಟ ಆಮೇಲೆ ಅತ್ತೆ, ಇದು ನನ್ನನ್ನೇ ತಿಂತಾ ಇದೆ."

ಮಾವ ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದ. ಅವನಿಗೂ ಒಳಗೊಳಗೇ ಕುತೂಹಲ ಹತ್ತಿತ್ತು. ಎರಡು ಸಲ ಏಳಲು ಹೋಗಿ ಮಂಡಿ ಹಿಡಿದು ಕೂತ.

ಮೂರೂವರೆಗೇ ಬ್ಯಾಟರಿಯವನು ಬಂದ. ದಪ್ಪ ಮೀಸೆ, ಜೇಬಿನಲ್ಲಿ ಅಳತೆ ಟೇಪು. ಬಂದವನೇ ಗೋಡೆಗೆ ಟೇಪು ಹಿಡಿದ. "ಈ ತೊಟ್ಟಿ ಒಡೆಸ್ಬೇಕು," ಎಂದ. "ಇಲ್ಲಿ ಕಪಾಟು ಬರುತ್ತೆ."

"ತೊಟ್ಟಿ ಒಡೆಯೋಕೆ ಮುಂಚೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ ಅಣ್ಣ," ಎಂದಳು ಸೊಸೆ. "ಇನ್ನೂ ನಾಲ್ಕಾಗಿಲ್ಲ."

ಗಾಲಿಯನ್ನು ಕಾರಿಗೆ ಹಾಕಿ ನಟ್ಟು ಬಿಗಿದಳು. ಕೊನೆಯದಾಗಿ ಎಂದು ವಾಲ್ವಿನ ಸುತ್ತ ಸೋಪಿನ ನೀರು ಸುರಿದಳು. ಏನೂ ಇಲ್ಲ. ಬಟ್ಟೆ ಹುಡುಕಿದಳು, ಅದರ ಮೇಲೆ ಬ್ಯಾಟರಿಯವನು ನಿಂತಿದ್ದ. ಹಾಳಾಗಿ ಹೋಗಲಿ ಎಂದು ಒರೆಸದೆಯೇ ಕ್ಯಾಪ್ ಇಟ್ಟು ಅಂಗೈಯಿಂದ ಗುದ್ದಿದಳು. ಅದು ಸುಲಭಕ್ಕೆ ಕೂರುವ ಕ್ಯಾಪಲ್ಲ. ಇನ್ನೊಮ್ಮೆ ಗುದ್ದಿದಳು. ಟಕ್ ಎಂದು ಕೂತಿತು.

ಸ್ಪ್ಯಾನರ್ ಎತ್ತಿಕೊಳ್ಳಲು ಬಗ್ಗಿದಳು. ಕ್ಯಾಪಿನ ಸಂದಿಯಲ್ಲಿ ಸಾಸಿವೆಯಷ್ಟು ಬಿಳಿ ಕಂಡಿತು.

ಸೋಪಿನ ಹನಿ ಅಂದುಕೊಂಡಳು. ಅದು ಕಡಲೆಯಷ್ಟಾಯಿತು. ಪಕ್ಕದಲ್ಲಿ ಇನ್ನೊಂದು ಹುಟ್ಟಿತು. ಎರಡೂ ಮೈಗೆ ಮೈ ತಾಗಿಸಿಕೊಂಡು, ಒಡೆಯದೆ, ಅವಸರವಿಲ್ಲದೆ ಊದಿಕೊಂಡವು. ಸೊಸೆ ಉಸಿರು ಬಿಡಲಿಲ್ಲ. ಬಿಟ್ಟರೆ ಒಡೆಯಬಹುದೆಂಬ ಹೆದರಿಕೆ. ಜೀವಮಾನದಲ್ಲಿ ಅವಳು ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು.

ಕ್ಯಾಪ್ ಕಿತ್ತಳು. ಗುಳ್ಳೆ ನಿಂತಿತು. ಹಾಕಿದಳು. ಗುಳ್ಳೆ ಎದ್ದಿತು. ಮತ್ತೆ ಕಿತ್ತಳು, ಮತ್ತೆ ಹಾಕಿದಳು.

"ಮಾವ, ಬನ್ನಿ ಇಲ್ಲಿ. ಬೇಗ ಬನ್ನಿ. ಅತ್ತೆ, ನೀವೂ ಬನ್ನಿ."

ಮಾವ ಮಂಡಿ ಮರೆತು ಎದ್ದ. ಅತ್ತೆ ಸೌಟು ಹಿಡಿದೇ ಬಂದಳು. ಬ್ಯಾಟರಿಯವನು ಟೇಪು ಹಿಡಿದೇ ಬಗ್ಗಿದ. ನಾಲ್ಕು ತಲೆಗಳು ಒಂದು ಗಾಲಿಯ ಮುಂದೆ ಸೇರಿದವು.

"ನೋಡಿ," ಎಂದಳು ಸೊಸೆ. "ಕ್ಯಾಪಲ್ಲಿ ವಾಲ್ವ್ ತೂರೋ ತೂತು ಒಂದು ಬೆರಳಷ್ಟು ಪಕ್ಕಕ್ಕಿದೆ. ಹಾಕಿದ ಕೂಡ್ಲೆ ವಾಲ್ವನ್ನ ಬಗ್ಗಿಸುತ್ತೆ. ಬಗ್ಗಿದ್ರೆ ಬುಡದಲ್ಲಿ ರಬ್ಬರ್ ಬಿರುಕು ಬಾಯಿ ಬಿಡುತ್ತೆ. ತೆಗೆದ್ರೆ ಮುಚ್ಕೊಳ್ಳುತ್ತೆ. ನಾವು ಪ್ರತಿ ಸಲ ಮೊದಲು ಕ್ಯಾಪ್ ಕಿತ್ತು ಆಮೇಲೆ ಹುಡುಕಿದ್ವಿ."

"ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗೆ," ಎಂದಳು ಅತ್ತೆ.

ಮಾವ ಕ್ಯಾಪ್ ಕಿತ್ತ. ವಾಲ್ವನ್ನು ಬೆರಳಿನಿಂದ ಮೆಲ್ಲಗೆ ಬಗ್ಗಿಸಿದ. ಕೂದಲೆಳೆಯಂಥ ಬಿರುಕು ಕಂಡಿತು. ಇಷ್ಟು ವರ್ಷದಲ್ಲಿ ಅವನು ಗಿರಾಕಿಯ ವಾಲ್ವ್ ಬಗ್ಗಿಸಿದ್ದು ಅದೇ ಮೊದಲಿರಬೇಕು. ಅವನ ಮುಖ ಅರಳಿತು, ಆಮೇಲೆ ಯಾಕೋ ತಟ್ಟನೆ ಮುಚ್ಚಿಕೊಂಡಿತು. "ಸರಿ, ಗೆದ್ದೆ. ಬೇಗ ಹೊಸ ವಾಲ್ವ್ ಹಾಕಿ ಮುಗಿಸು," ಎಂದ ತಗ್ಗಿದ ದನಿಯಲ್ಲಿ. "ಆ ಕ್ಯಾಪ್ ಒಳಗಿಡು."

ಸೊಸೆಗೆ ಅದು ಕೇಳಿಸಲೇ ಇಲ್ಲ. ಗಾಲಿ ಮತ್ತೆ ಕಾರಿನಿಂದ ಕೆಳಗಿಳಿಯಿತು. ಗಾಳಿ ಬುಸ್ಸೆಂದು ಹೋಯಿತು, ಕಬ್ಬಿಣದ ಪಟ್ಟಿ ಹಾಕಿ ಟೈರಿನ ಒಂದು ಅಂಚು ಎಬ್ಬಿಸಿದಳು, ಹಳೆಯ ವಾಲ್ವನ್ನು ಕೊಯ್ದು ಎಳೆದಳು, ಹೊಸದನ್ನು ಸೋಪಿನಲ್ಲಿ ಅದ್ದಿ ಎಳೆದು ಕೂರಿಸಿದಳು. ಕಂಪ್ರೆಸರ್ ಗುಡುಗಿತು. ಟೈರಿನ ಅಂಚು ಡಬ್ ಎಂದು ಕೂತ ಸದ್ದಿಗೆ ಬ್ಯಾಟರಿಯವನು ಹಿಂದಕ್ಕೆ ಹಾರಿದ. ಅತ್ತೆ ಸೌಟು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಗಾಲಿ ಕಾರಿಗೆ ಏರಿ, ಜಾಕ್ ಇಳಿಯುವ ಹೊತ್ತಿಗೆ ನರ್ಸಮ್ಮ ಬಾಗಿಲಲ್ಲಿದ್ದಳು.

"ಸಿಕ್ತು ನರ್ಸಮ್ಮ," ಎಂದಳು ಸೊಸೆ, ಕ್ಯಾಪನ್ನು ಎತ್ತಿ ಹಿಡಿದು. "ಇದೇ ಕಳ್ಳ. ಇದು ನಿಮ್ಮ ಕಾರಿನದ್ದಲ್ಲ. ಯಾವ ತಲೆಯಿಲ್ಲದವನು ಕೊಟ್ಟ ನಿಮಗೆ?"

ಮಾವ ಕೆಮ್ಮಿದ. ಅತ್ತೆ ನೆಲ ನೋಡಿದಳು.

"ನಿಮ್ಮ ಮಾವನೇ ಕೊಟ್ಟಿದ್ದು," ಎಂದಳು ನರ್ಸಮ್ಮ. "ಹಳೇದು ಬಿದ್ದುಹೋಗಿತ್ತು. ನೀನು ತವರಿಗೆ ಹೋಗಿದ್ದೆ ಆಗ. ಇದೇ ಸರಿಹೋಗುತ್ತೆ ಅಂತ ಗುದ್ದಿ ಗುದ್ದಿ ಹಾಕಿಕೊಟ್ರು."

ನರ್ಸಮ್ಮ ಕ್ಯಾಪನ್ನು ಇಸಿದುಕೊಂಡು ತಿರುಗಿಸಿ ನೋಡಿದಳು. ಲೆಕ್ಕ ಅವಳ ಮುಖದಲ್ಲೇ ಕೂಡಿಕೊಳ್ಳುತ್ತಿರುವುದು ಎಲ್ಲರಿಗೂ ಕಂಡಿತು. "ಅಂದ್ರೆ ರೋಗ ಅಂಟಿಸಿದ್ದೂ ನೀವೇ, ಮೂರು ಸಲ ಔಷಧಿ ಕೊಟ್ಟಿದ್ದೂ ನೀವೇ."

"ಗೊತ್ತಿರಲಿಲ್ಲಮ್ಮ," ಎಂದ ಮಾವ.

"ಗೊತ್ತಿದ್ದು ಮಾಡಿದ್ರಿ ಅಂತ ನಾನೂ ಅನ್ನಲ್ಲ. ಹೋದ ವಾರ ಈ ಟೈರಿಂದ ಒಬ್ಬರ ಡ್ರೆಸಿಂಗ್ ತಪ್ಪಿತು. ಕೀವು ಆಯ್ತು. ಅವರಿಗೆ ಏನು ಹೇಳ್ಲಿ, ಕ್ಯಾಪ್ ಚೆನ್ನಾಗಿತ್ತು ಅಂತನಾ?"

ಸೊಸೆ ದುಡ್ಡು ಬೇಡ ಎಂದಳು. ನರ್ಸಮ್ಮ ಕೇಳಿಸಿಕೊಳ್ಳದವಳ ಹಾಗೆ ಕೂಲಿಯನ್ನು ಸ್ಟೂಲಿನ ಮೇಲಿಟ್ಟು, ಕ್ಯಾಪನ್ನು ನೆಲಕ್ಕಿಟ್ಟು, ಕಾರು ಹತ್ತಿದಳು. ಬೀದಿಯ ತಿರುವಿನವರೆಗೆ ಹಿಂದಿನ ಎಡಗಡೆ ಟೈರು ನೆಟ್ಟಗೆ, ತುಂಬಿಕೊಂಡು ಉರುಳಿತು. ಅದನ್ನು ನೋಡುವಾಗ ಸೊಸೆಗೆ ನಾಚಿಕೆಯ ಮಧ್ಯೆಯೂ ಖುಷಿ ತಡೆಯಲಾಗಲಿಲ್ಲ.

ಬ್ಯಾಟರಿಯವನು ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ನಮ್ಮದು?"

ಮಾವ ಹೆಂಡತಿಯ ಕಡೆ ನೋಡಿದ. ಅವಳು ಸೌಟನ್ನು ಸೊಸೆಯ ಕಡೆ ತೋರಿಸಿದಳು. ಅವನು ಸೊಂಟದಿಂದ ಬೀಗದ ಕೈ ಬಿಚ್ಚಿ ಸೊಸೆಯ ಒದ್ದೆ ಅಂಗೈಯಲ್ಲಿಟ್ಟ.

"ಹಿಡಿದೆ, ತಗೋ," ಎಂದ. "ಇನ್ಮೇಲೆ ಗಿರಾಕಿ ಮುಂದೆ ಬೈಯೋಕೆ ಮುಂಚೆ ಯಾರನ್ನ ಬೈತಿದೀಯ ಅಂತ ನೋಡ್ಕೋ."

"ನೋಡ್ಕೊಂಡಿದ್ರೆ ಬೈತಿರಲಿಲ್ವಾ ಮಾವ?"

ಬ್ಯಾಟರಿಯವನು ನಕ್ಕು, ಟೇಪು ಸುತ್ತಿ ಜೇಬಿಗಿಟ್ಟು ಹೊರಟ. ನರ್ಸಮ್ಮನ ಕಾರು ಆ ಬೀದಿಗೆ ಮತ್ತೆ ಬರಲಿಲ್ಲ.

ಆ ದಿನ ಅಂಗಡಿ ಕಳೆದುಕೊಂಡದ್ದು ಒಂದು ವಾಲ್ವ್, ಒಬ್ಬ ಬಾಡಿಗೆದಾರ, ಒಬ್ಬಳು ಗಿರಾಕಿ.